ಸಿವಿಲೈಸೇಶನ್ ಆಟದ ಗಾಂಧಿ ಮತ್ತು ಅಣುಬಾಂಬ್: ಕತೆ ಎಷ್ಟು ನಿಜ?

ಊರು ಕಟ್ಟುವುದು, ಬೇಸಾಯ ಮಾಡುವುದು, ಗ್ರಂಥಾಲಯ ತೆರೆಯುವುದು, ಕೊನೆಗೊಮ್ಮೆ ಬೇರೊಂದು ನಕ್ಷತ್ರದತ್ತ ನೌಕೆ ಹಾರಿಸಿ ಗೆಲ್ಲುವುದು: 'ಸಿವಿಲೈಸೇಶನ್' ಎಂಬ ಕಂಪ್ಯೂಟರ್ ಆಟವನ್ನು ಹೀಗೆ ಶಾಂತಿಯಿಂದಲೇ ಆಡಿ ಮುಗಿಸಲು ಸಾಧ್ಯವಿದೆ. ಆದರೆ ಹಾಗೆಂದುಕೊಂಡು ಆಡಲು ಕುಳಿತವರ ಲೆಕ್ಕಾಚಾರ ಎಷ್ಟೋ ಸಲ ನಡುದಾರಿಯಲ್ಲೇ ತಲೆಕೆಳಗಾಗುತ್ತದೆ. ಅಲ್ಲಿಯವರೆಗೂ ಸುಮ್ಮನಿದ್ದ ಪಕ್ಕದ ರಾಜ್ಯ (ಅದನ್ನು ನಡೆಸುತ್ತಿರುವುದು ಕಂಪ್ಯೂಟರ್) ಇದ್ದಕ್ಕಿದ್ದಂತೆ ಯುದ್ಧ ಸಾರಿಬಿಡುತ್ತದೆ!

ಕಂಪ್ಯೂಟರಿಗೆ ಏಕಿಷ್ಟು ಸಿಟ್ಟು? ಇದಕ್ಕೆ ಉತ್ತರವೆಂಬಂತೆ ಬಹುಕಾಲದಿಂದ ಓಡಾಡುತ್ತಿರುವ ಕತೆಯೊಂದಿದೆ. ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ರೂಪಿಸಿದ ಈ ಆಟ ಮೊದಲು ಬಂದದ್ದು 1991ರಲ್ಲಿ. ಅದರಲ್ಲಿ ಭಾರತದ ನಾಯಕ ಮಹಾತ್ಮ ಗಾಂಧಿ. ಅವರ ಆಕ್ರಮಣಶೀಲತೆಗೆ ಕೊಟ್ಟಿದ್ದ ಅಂಕ ಕೇವಲ 1 ಎನ್ನುತ್ತದೆ ಕತೆ. ಪ್ರಜಾಪ್ರಭುತ್ವ ಬಂದಾಗ ಅದರಲ್ಲಿ 2 ಕಳೆಯಬೇಕಿತ್ತಂತೆ. ಬರಬೇಕಾದ ಉತ್ತರ -1. ಆದರೆ ಒಂದು ಬೈಟ್ ಜಾಗದಲ್ಲಿ 0ಯಿಂದ 255ರವರೆಗಿನ ಸಂಖ್ಯೆಗಳನ್ನಷ್ಟೇ ಇಟ್ಟರೆ -1ಕ್ಕೆ ಅಲ್ಲಿ ಸ್ಥಳವಿಲ್ಲ. ಸೊನ್ನೆಯಲ್ಲಿರುವ ಮೀಟರನ್ನು ಹಿಂದಕ್ಕೆ ತಿರುಗಿಸಿದರೆ 999 ಕಾಣಿಸುವಂತೆ, ಅಂಕ ನೇರವಾಗಿ 255ಕ್ಕೆ ಹಾರಿತಂತೆ. ಹೀಗೆ ಅಹಿಂಸೆಯ ಗಾಂಧಿ ಅಣುಬಾಂಬ್ ಹಾಕುವ ಗಾಂಧಿಯಾದರಂತೆ!

ಇಂತಹ ದೋಷ ಕಂಪ್ಯೂಟರ್ ಪ್ರಪಂಚದಲ್ಲಿ ನಿಜಕ್ಕೂ ಇದೆ. ಆದ್ದರಿಂದಲೇ ಕತೆ ನಂಬುವಂತಿದೆ. ಆದರೆ ಈ ಆಟದಲ್ಲಿ ಹಾಗೇನೂ ನಡೆದಿರಲಿಲ್ಲ. 2020ರಲ್ಲಿ ಪ್ರಕಟವಾದ ಆತ್ಮಕತೆಯಲ್ಲಿ ಮೈಯರ್ ಈ ಕತೆಯನ್ನು ಅಲ್ಲಗಳೆದಿದ್ದಾರೆ. ಆಟದ ಎರಡನೇ ಆವೃತ್ತಿಯನ್ನು ರೂಪಿಸಿದ ಬ್ರಯಾನ್ ರೆನಾಲ್ಡ್ಸ್ ಹೇಳುವಂತೆ, ಮೊದಲ ಆಟದಲ್ಲಿ ಆಕ್ರಮಣಶೀಲತೆಗೆ ಇದ್ದದ್ದು ಮೂರೇ ಹಂತ. ಸುಮಾರು ಮೂರನೇ ಒಂದರಷ್ಟು ನಾಯಕರು ಗಾಂಧಿಯ ಹಂತದಲ್ಲೇ ಇದ್ದರು.

ಹಾಗಾದರೆ ಕತೆ ಹುಟ್ಟಿದ್ದಾದರೂ ಹೇಗೆ? ಆಟದಲ್ಲಿ ಭಾರತಕ್ಕೆ ವಿಜ್ಞಾನದತ್ತ ಒಲವು. ಹಾಗಾಗಿ ಅಣ್ವಸ್ತ್ರದ ತಂತ್ರಜ್ಞಾನ ಅದಕ್ಕೆ ಬೇಗನೆ ಸಿಗುತ್ತಿತ್ತು. ಅಣ್ವಸ್ತ್ರವಿರುವ ಯಾವ ನಾಯಕನಾದರೂ ಮಾತುಕತೆಯಲ್ಲಿ ಅದರ ಬೆದರಿಕೆ ಹಾಕುತ್ತಿದ್ದ. ಬೇರೆಯವರ ಬಾಯಲ್ಲಿ ಮರೆತುಹೋಗುವ ಮಾತು ಗಾಂಧಿಯ ಬಾಯಲ್ಲಿ ಬಂದರೆ ಮರೆಯುವುದು ಹೇಗೆ? ಮುಂದೆ, 2010ರ ಐದನೇ ಆವೃತ್ತಿಯಲ್ಲಿ, ವಿನ್ಯಾಸಕರು ತಮಾಷೆಗೆಂದೇ ಗಾಂಧಿಯ ಅಣ್ವಸ್ತ್ರದ ಒಲವಿಗೆ 12 ಅಂಕ ಕೊಟ್ಟರು. ಮಾಮೂಲಿ ಮಿತಿ ಹತ್ತೇ! ಅಲ್ಲಿಗೆ ಕತೆಗೆ 'ಸಾಕ್ಷಿ'ಯೂ ಸಿಕ್ಕಂತಾಯಿತು.

ನಮ್ಮ ಶಾಂತಿಯೋಜನೆ ಹಾಳಾಗುವುದಕ್ಕೆ ಇರುವ ಕಾರಣ ಇದಕ್ಕಿಂತ ಸರಳ. ಕಂಪ್ಯೂಟರಿಗೆ ಸಿಟ್ಟೂ ಇಲ್ಲ, ಸ್ನೇಹವೂ ಇಲ್ಲ. ನಮ್ಮ ಸೈನ್ಯ ಎಷ್ಟು, ಗಡಿ ಎಷ್ಟು ಹತ್ತಿರ, ನಮ್ಮ ನೆಲದಲ್ಲಿ ಏನೇನಿದೆ ಎಂಬಂತಹ ಸಂಗತಿಗಳನ್ನೆಲ್ಲ ಅದು ಅಂಕಗಳಾಗಿ ಅಳೆಯುತ್ತದೆ. ಸೈನಿಕರ ಬದಲು ಗ್ರಂಥಾಲಯಗಳನ್ನು ಕಟ್ಟಿದವರು ನಮ್ಮ ಕಣ್ಣಿಗೆ ಶಾಂತಿಪ್ರಿಯರು. ಅದರ ಲೆಕ್ಕದಲ್ಲಿ ಮಾತ್ರ ಕಾವಲಿಲ್ಲದ ತೋಟ. ನಾವು ಗೆಲುವಿನ ಹತ್ತಿರ ಬಂದಷ್ಟೂ ನಮ್ಮನ್ನು ತಡೆಯಲು ಅದಕ್ಕೆ ಕಾರಣ ಹೆಚ್ಚುತ್ತದೆ, ಏಕೆಂದರೆ ನಾವು ಗೆದ್ದರೆ ಅದು ಸೋತಂತೆ. ಮೊದಲ ಆಟದಲ್ಲಂತೂ ರಾಜಧಾನಿ ಕೈತಪ್ಪಿದರೆ ಅಂತರಿಕ್ಷ ನೌಕೆಯೂ ಹೋದಂತೆಯೇ.

ಆಟದ ಕಷ್ಟದ ಹಂತಗಳಲ್ಲಿ ಕಂಪ್ಯೂಟರ್ ಹೆಚ್ಚು ಜಾಣನಾಗುತ್ತದೆ ಎನ್ನುವುದೂ ಪೂರ್ತಿ ನಿಜವಲ್ಲ. ಉತ್ಪಾದನೆಯಲ್ಲಿ ರಿಯಾಯಿತಿ, ಪ್ರಾರಂಭದಲ್ಲೇ ಹೆಚ್ಚುವರಿ ಪಡೆ ಮುಂತಾದ ಸವಲತ್ತುಗಳನ್ನು ಆಟವೇ ಅದಕ್ಕೆ ಕೊಟ್ಟಿರುತ್ತದೆ. ಅದರ ಸೈನ್ಯ ಬೇಗ ಬೆಳೆಯುವುದು ಇದರಿಂದಲೇ.

ಹಾಗಾಗಿ ಶಾಂತಿಯಿಂದ ಗೆಲ್ಲಬೇಕೆನ್ನುವವರು ಗಡಿಯ ಊರುಗಳಿಗೆ ಕೋಟೆಯನ್ನೂ ಒಂದಷ್ಟು ಕಾವಲು ಪಡೆಯನ್ನೂ ಮೊದಲೇ ಸಿದ್ಧಮಾಡಿಟ್ಟುಕೊಳ್ಳುವುದು ಒಳ್ಳೆಯದು. ಯುದ್ಧ ಮಾಡುವುದಕ್ಕಲ್ಲ, ಯುದ್ಧ ಲಾಭದ ಬಾಬತ್ತಲ್ಲ ಎಂದು ಆ ಲೆಕ್ಕಕ್ಕೆ ತೋರಿಸುವುದಕ್ಕೆ!