ಸೋತ ಕೂಡಲೇ ನಿಲ್ಲಲಿ

ಭೂಮಿ ಯೋಜನೆ ಬಂದ ಮೇಲೆ ಭಾಲ್ಕಿ ತಾಲ್ಲೂಕಿನ ಭಾತಂಬ್ರಾದ ರೈತನ ಪಹಣಿಯೂ ಗಣಕಯಂತ್ರ ಸೇರಿತು. ಕೈಬರಹದ ಪಹಣಿಗೆ ಮಾನ್ಯತೆ ಉಳಿಯಲಿಲ್ಲ. ಇಂಥ ದಾಖಲೆಗಳ ನಕಲನ್ನು ರಾತ್ರೋರಾತ್ರಿ ತೆಗೆದಿಡುವ ಕೆಲಸವನ್ನು ಜಗತ್ತಿನ ಎಷ್ಟೋ ಕಡೆ ಮಾಡುವುದು ಶೆಲ್ ಸ್ಕ್ರಿಪ್ಟ್ ಎಂಬ ಆಜ್ಞೆಗಳ ಪಟ್ಟಿ. ಅದಕ್ಕೊಂದು ದುರ್ಗುಣವಿದೆ: ಒಂದು ಆಜ್ಞೆ ಸೋತರೂ ತಾನಾಗಿ ನಿಲ್ಲದೆ ಮುಂದಿನದಕ್ಕೆ ಹೋಗುತ್ತದೆ. ಪ್ರತಿ ಆಜ್ಞೆಯೂ ಮುಗಿದಾಗ ಒಂದು ಸಂಖ್ಯೆ ಹೇಳುತ್ತದೆ. ಸೊನ್ನೆಯೆಂದರೆ ಕ್ಷೇಮ, ಬೇರೆ ಯಾವುದಾದರೂ ವೈಫಲ್ಯ. ಕೇಳುವವರಿಲ್ಲ, ಅಷ್ಟೆ.

2015ರ ಜನವರಿಯಲ್ಲಿ ಸ್ಟೀಮ್ ಎಂಬ ಆಟದ ತಂತ್ರಾಂಶ ಕೆಲವು ಲಿನಕ್ಸ್ ಬಳಕೆದಾರರ ಕಡತಗಳನ್ನು ಅಳಿಸಿದ್ದು ಹೀಗೆಯೇ. ಕಡತಕೋಶದ ವಿಳಾಸ ಹುಡುಕುವ ಹೆಜ್ಜೆ ಸೋತು ವಿಳಾಸ ಖಾಲಿಯಾಯಿತು. ಮುಂದೆ ಬಂದ ಅಳಿಸುವ ಸಾಲು ಗಣಕದ ಮೂಲದಿಂದಲೇ ಕೆಲಸ ಆರಂಭಿಸಿತು. ಆ ಸಾಲಿನ ಮೇಲೆ ಬರೆದವರೇ ‘ಭಯಂಕರ!’ ಎಂದು ಟಿಪ್ಪಣಿ ಹಾಕಿದ್ದರು. ಭಯವಿತ್ತು, ತಪಾಸಣೆ ಇರಲಿಲ್ಲ.

ಮೊದಲಿಗೆ ‘ಸೆಟ್ ಮೈನಸ್ ಇ’ ಎಂದು ಬರೆದರೆ ಸಾಕೆನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪೈಪಿನಲ್ಲಿ ಜೋಡಿಸಿದ ಆಜ್ಞೆಗಳಲ್ಲಿ ಅದು ಕೊನೆಯದರ ಫಲವನ್ನಷ್ಟೇ ನೋಡುತ್ತದೆ. ನಕಲು ತೆಗೆಯುವ ಆಜ್ಞೆ ಸೋತು, ಕುಗ್ಗಿಸುವ ಆಜ್ಞೆ ಗೆದ್ದರೆ ಖಾಲಿ ಕಡತವೇ ಸುರಕ್ಷಿತ ಪ್ರತಿಯಾಗಿ ಕೂರುತ್ತದೆ. ‘ಪೈಪ್‌ಫೇಲ್’ ಸೂಚನೆಯೂ ಬೇಕು. ಅಳಿಸುವ ಮುನ್ನ ವಿಳಾಸ ಖಾಲಿಯಿದ್ದರೆ ಅಲ್ಲೇ ಹೊರಬೀಳಬೇಕು. ನಿಂತ ಸುದ್ದಿಯೂ ತಲುಪಬೇಕು. 2017ರಲ್ಲಿ ಗಿಟ್‌ಲ್ಯಾಬ್ ದತ್ತಾಂಶ ಕಳೆದುಕೊಂಡಾಗ, ನಕಲು ವಿಫಲವೆಂಬ ಮಿಂಚಂಚೆಗಳು ತಿರಸ್ಕೃತವಾಗಿ ಯಾರ ಕೈಗೂ ಬಂದಿರಲಿಲ್ಲ.

ಸರ್ಕಾರಿ ಇಲಾಖೆಗಳು ಗುತ್ತಿಗೆದಾರರಿಗೆ ಹಣ ಪಾವತಿಸುವ ಮುನ್ನ ನಡುವಿನ ಒಂದು ಆಜ್ಞೆಯನ್ನು ಬೇಕೆಂದೇ ಕೆಡಿಸಿ, ಸ್ಕ್ರಿಪ್ಟ್ ಎಲ್ಲಿ ನಿಲ್ಲುತ್ತದೆಂದು ನೋಡಲಿ.