ಹಾಲಿಗೆ ಐದು ರೂಪಾಯಿ, ಹುಲ್ಲು ಹೊತ್ತ ತಲೆಗೆ?



2008ರಲ್ಲಿ ಸರ್ಕಾರ ಡೈರಿಗೆ ಹಾಕುವ ಹಾಲಿಗೆ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಶುರುಮಾಡಿತು. 2013ರಲ್ಲಿ ಅದು 4 ಆಯ್ತು, 2016ರಲ್ಲಿ 5 ಆಯ್ತು. ರೈತರಿಗೆ ಕೊಟ್ಟದ್ದಕ್ಕೆ ನಮಗೆ ಹೊಟ್ಟೆಯುರಿ ಇಲ್ಲ. ಹಿಂಡಿ-ಬೂಸಾದ ರೇಟಿಗೆ ಆ ದುಡ್ಡು ಬೇಕೇ ಬೇಕು. ನಾವು ಕೇಳೋದು ಇಷ್ಟೇ: ಈ ಲೆಕ್ಕ ಯಾರ ಕಡೆಗಿದೆ?

ಐದರ ಲೆಕ್ಕವನ್ನೇ ಹಿಡಿಯಿರಿ. ಐದು ಸೀಮೆಹಸು ಕಟ್ಟಿ ದಿನಕ್ಕೆ 40 ಲೀಟರ್ ಹಾಕುವ ತೋಟದ ಯಜಮಾನನಿಗೆ 200 ರೂಪಾಯಿ. ಸಾಲ ಮಾಡಿ ಒಂದು ಹಸು ತಂದು 6 ಲೀಟರ್ ಹಾಕುವ ನಮ್ಮವ್ವನಿಗೆ 30. ಯಜಮಾನನ ಕೊಟ್ಟಿಗೆ ಗುಡಿಸಿ, ಸಗಣಿ ಬಾಚಿ, ಹುಲ್ಲು ಕೊಯ್ದು ಹೊರುವ ನಮ್ಮಕ್ಕನಿಗೆ ಸೊನ್ನೆ. ಸರ್ಕಾರ ಹಾಲು ಅಳೆಯುತ್ತೆ, ಬೆವರು ಅಳೆಯೋದಿಲ್ಲ.

"ನೀವೂ ಹಸು ಕಟ್ರಪ್ಪಾ, ಬೇಡ ಅಂದೋರ್ಯಾರು?" ಅಂತಾರೆ. ಎಲ್ಲಿ ಮೇಯಿಸೋಣ ಸ್ವಾಮಿ? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಕಣ್ಣು ಹಾಯಿಸಿದಷ್ಟೂ ತೆಂಗು. ಅದರ ಬುಡದ ಗರಿಕೆಯೂ ತೋಟದವನದೇ. ಕೊಬ್ಬರಿ ಸುಲಿದ ಕೈಗೆ ಕೂಲಿ ಉಂಟು, ಒಂದು ಹೊರೆ ಹುಲ್ಲಿಗೆ ಹಕ್ಕಿಲ್ಲ.

1973ರಲ್ಲಿ ಬಸವಲಿಂಗಪ್ಪನವರು ಸಾಹಿತ್ಯವನ್ನು ಬೂಸಾ ಅಂದಾಗ ಬೀದಿಗಿಳಿದು ಕೂಗಿದರು. ನಮ್ಮ ಹಸುವಿಗೆ ಬೂಸಾ ಇಲ್ಲ ಅಂದ್ರೆ ಯಾರೂ ಬಾಗಿಲು ತೆಗೆಯೋದಿಲ್ಲ!

ಭೂಮಿ ಇಲ್ಲದವರಿಗೆ ಮೇವು ಬೆಳೆಯಲು ಗೋಮಾಳದಲ್ಲಿ ಪಾಲು ಕೊಡಿ. ಒಂದೆರಡು ಹಸುವಿನವರಿಗೆ ಲೀಟರಿಗೆ ಹೆಚ್ಚು ಕೊಡಿ. ಬಾಕಿ ಇಟ್ಟು ಸತಾಯಿಸಬೇಡಿ. ಡೈರಿ ಆಡಳಿತ ಮಂಡಳಿಯಲ್ಲಿ ನಮ್ಮ ಕೇರಿಯ ಹೆಂಗಸೂ ಕೂರಲಿ.

ಕೊಡೋವರೆಗೂ ಕೇಳ್ತೀವಿ. ಹುಲ್ಲು ಹೊತ್ತ ತಲೆ ಇನ್ನು ಬಗ್ಗೋದಿಲ್ಲ.