ನಾಲ್ಕು ಸ್ವರಗಳ ಬಂಡವಾಳ

ಬರೆದಿಟ್ಟ ಸ್ವರಗಳನ್ನೇ ಒಪ್ಪಿಸದೆ, ನುಡಿಸುತ್ತ ನುಡಿಸುತ್ತಲೇ ಹೊಸದನ್ನು ಕಟ್ಟುವುದು ಅಮೆರಿಕದ ಜಾಜ್ ಸಂಗೀತದ ಜೀವಾಳ. ಆದರೆ ಅದನ್ನು ಆಲಿಸುವಾಗ ಕೊರತೆಯೊಂದು ನಮಗೆ ಮತ್ತೆ ಮತ್ತೆ ತೋರುತ್ತದೆ. ವಾದಕನು ರೂಢಿಸಿಕೊಂಡ ಸ್ವರಗುಚ್ಛಗಳನ್ನು ಒಂದರ ಮೇಲೊಂದರಂತೆ ಸುರಿಯುತ್ತಾನೆ. ಬೆರಳಿನ ಚುರುಕಿಗೆ ಬೆರಗಾಗುತ್ತೇವೆ. ಮುಗಿದ ಮೇಲೆ ಮನಸ್ಸಿನಲ್ಲಿ ಏನೂ ನಿಲ್ಲುವುದಿಲ್ಲ. ಇಂಥವರು ಯೂರೋಪಿನ ಶಾಸ್ತ್ರೀಯ ರಚನಕಾರರಿಂದ ಕಲಿಯತಕ್ಕ ಪಾಠವೊಂದಿದೆ ಎಂಬುದು ನಮ್ಮ ಅಭಿಪ್ರಾಯ.

1808ರಲ್ಲಿ ವಿಯೆನ್ನಾ ನಗರದಲ್ಲಿ ಮೊದಲ ಬಾರಿಗೆ ಕೇಳಿಬಂದ ಬೀಥೋವನನ ಐದನೆಯ ಸಿಂಫನಿಯನ್ನೇ ತೆಗೆದುಕೊಳ್ಳೋಣ. ಅದರ ಆರಂಭದ ಬಂಡವಾಳ ನಾಲ್ಕೇ ಸ್ವರ: ಮೂರು ಲಘು, ಒಂದು ಗುರು. ಅದನ್ನೇ ಆತ ಒಂದು ಮೆಟ್ಟಿಲು ಕೆಳಗಿಳಿಸುತ್ತಾನೆ, ಒಂದು ವಾದ್ಯದಿಂದ ಇನ್ನೊಂದಕ್ಕೆ ದಾಟಿಸುತ್ತಾನೆ, ಸರಪಳಿಯಾಗಿ ಹೆಣೆಯುತ್ತಾನೆ. ಮೂರನೆಯ ಭಾಗದಲ್ಲಿ ಅದೇ ಲಯವು ಹಾರ್ನ್ ವಾದ್ಯಗಳಲ್ಲಿ ಬೇರೊಂದು ವೇಷದಿಂದ ಮರಳಿ ಬರುತ್ತದೆ.

ಸ್ವರಗಳು ಬದಲಾದರೂ ಅದನ್ನು ನಾವು ಗುರುತಿಸುವುದು ಹೇಗೆ? 1890ರಲ್ಲಿ ಆಸ್ಟ್ರಿಯದ ತತ್ತ್ವಜ್ಞಾನಿ ಎರೆನ್‌ಫೆಲ್ಸ್ ಈ ವಿಷಯವನ್ನು ಚರ್ಚಿಸಿದನು. ಧಾಟಿಯೆಂಬುದು ಬಿಡಿಸ್ವರಗಳ ಮೊತ್ತವಲ್ಲ. ಅವುಗಳ ಪರಸ್ಪರ ಸಂಬಂಧದಿಂದ ಮೂಡುವ ಆಕೃತಿ. ಶ್ರುತಿಯನ್ನು ಏರಿಸಿ ಹಾಡಿದರೂ ಕೀರ್ತನೆ ಬೇರೆಯಾಗದೆಂಬುದನ್ನು ನಮ್ಮ ವಾಚಕರೂ ಬಲ್ಲರು. ಪರಿಚಿತವಾದ ಆಕೃತಿ ಹೊಸ ರೂಪದಲ್ಲಿ ಬಂದಾಗ ಕೇಳುಗನ ನೆನಪು ಎಚ್ಚರಗೊಳ್ಳುತ್ತದೆ. ಅವನೂ ವಾದಕನ ಜೊತೆಯಲ್ಲಿ ಯೋಚಿಸತೊಡಗುತ್ತಾನೆ.

ರಚನಕಾರನಿಗೆ ಬರೆದು ತಿದ್ದಲು ವರ್ಷಗಳೇ ಉಂಟು, ವಾದಕನಿಗೆ ಇರುವುದು ಆ ಕ್ಷಣವೊಂದೇ ಅಲ್ಲವೆ, ಎಂದು ಆಕ್ಷೇಪಿಸಬಹುದು. ಆಕ್ಷೇಪಣೆ ನ್ಯಾಯವಾದುದೇ. ಆದರೆ ಇದು ಅಸಾಧ್ಯವಲ್ಲವೆಂಬುದನ್ನು ಜಾಜ್ ವಾದಕರೇ ತೋರಿಸಿಕೊಟ್ಟಿದ್ದಾರೆ. 1956ರಲ್ಲಿ ಸಾನಿ ರಾಲಿನ್ಸ್ 'ಬ್ಲೂ ಸೆವೆನ್' ಎಂಬ ಕೃತಿಯಲ್ಲಿ, ಆರಂಭದ ಕೆಲವೇ ಸ್ವರಗಳಿಗೆ ಮರಳಿ ಮರಳಿ ಬಂದು ತನ್ನ ವಾದನವನ್ನು ಬೆಳೆಸಿದನು. 1964ರ ಡಿಸೆಂಬರಿನಲ್ಲಿ ಮುದ್ರಣಗೊಂಡ 'ಎ ಲವ್ ಸುಪ್ರೀಮ್' ಕೃತಿಯ ಮೊದಲ ಭಾಗದಲ್ಲಿ ಜಾನ್ ಕೋಲ್ಟ್ರೇನ್ ನಾಲ್ಕು ಸ್ವರಗಳ ತುಣುಕೊಂದನ್ನು ತನ್ನ ಸ್ಯಾಕ್ಸೊಫೋನಿನಲ್ಲಿ ಹನ್ನೆರಡು ಶ್ರುತಿಗಳಲ್ಲಿಯೂ ಸಂಚರಿಸುವಂತೆ ಮಾಡಿದನು.

ಆದ್ದರಿಂದ ಜಾಜ್ ಅಭ್ಯಾಸಿಗಳು ಪ್ರತಿದಿನವೂ ಒಂದೇ ತುಣುಕನ್ನು ಹಿಡಿದು ಅದನ್ನು ಏರಿಸಿ, ಇಳಿಸಿ, ಹಿಗ್ಗಿಸಿ, ತಲೆಕೆಳಗುಮಾಡಿ ನುಡಿಸಿ ನೋಡಲಿ. ಹಾಗೆಂದು ಎಲ್ಲವೂ ಲೆಕ್ಕಾಚಾರವಾಗಬೇಕೆಂದು ನಾವು ಹೇಳುವುದಿಲ್ಲ. ಆ ಗಳಿಗೆಯ ಸ್ಫೂರ್ತಿಯನ್ನು ಕಳೆದುಕೊಂಡ ಜಾಜ್ ಜಾಜ್ ಅಲ್ಲ. ಆದರೆ ಸ್ಫೂರ್ತಿಗೂ ನೆನಪು ಬೇಕು. ತಾನು ಈಗತಾನೆ ಹೇಳಿದ್ದನ್ನು ಮರೆತವನ ಮಾತು ಎಷ್ಟು ನಿರರ್ಗಳವಾದರೇನು?